ವರ್ಷವಿಡೀ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಓದಿದೆ. ಈಗ ಯಾವುದೂ ನೆನಪಿಲ್ಲ!

ಪ್ರಶ್ನೆ: ನನಗೆ 34 ವರ್ಷ. ಕಳೆದ ವರ್ಷ ಫ್ಯಾಂಟಸಿ ಮತ್ತು ಸೈನ್ಸ್ ಫಿಕ್ಷನ್ ಕಾದಂಬರಿ ಬಿಟ್ಟು ಬೇರೇನೂ ಓದಲಿಲ್ಲ ಎಂದೇ ಹೇಳಬೇಕು. ಲೆಕ್ಕ ಹಾಕಿದರೆ 46 ಪುಸ್ತಕ. ಅರ್ಧಕ್ಕಿಂತ ಜಾಸ್ತಿ ದೊಡ್ಡ ಸೀರೀಸ್‌ಗಳ ಸಂಪುಟಗಳು. ಕೆಲವನ್ನು ಆಡಿಯೋಬುಕ್‌ನಲ್ಲಿ ಕೇಳಿದ್ದೇನೆ. ವರ್ಷದ ಕೊನೆಯಲ್ಲಿ ಓದಿದ್ದರ ಬಗ್ಗೆ ನಾಲ್ಕು ಸಾಲು ಬರೆದಿಡೋಣ ಎಂದು ಕೂತರೆ ಕೈಯೇ ಓಡಲಿಲ್ಲ. ಯಾವ ರಾಣಿ ಯಾವ ಪುಸ್ತಕದವಳು, ಯಾವ ಗ್ರಹ ಯಾವ ಕಥೆಯದು, ಎಲ್ಲಾ ಕಲಸುಮೇಲೋಗರ. ಒಂದು ಸೀರೀಸ್‌ನ ನಾಲ್ಕನೇ ಸಂಪುಟದ ಮಧ್ಯದಲ್ಲಿ ನಿಂತಿದ್ದೇನೆ. ಮುಂದೆ ಹೋಗಲು ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ನಡುವೆ ಒಂದು ಸಾಮಾಜಿಕ ಕಾದಂಬರಿ ಹಿಡಿದೆ. ಇಪ್ಪತ್ತು ಪುಟಕ್ಕೇ ಸಪ್ಪೆ ಎನಿಸಿತು. ‘ಇದೆಲ್ಲ ಜೀವನದಿಂದ ತಪ್ಪಿಸಿಕೊಳ್ಳೋ ದಾರಿ, ಓದು ಅಲ್ಲ’ ಎನ್ನುತ್ತಾಳೆ ಅಕ್ಕ. ನನ್ನ ನೆನಪಿನ ಶಕ್ತಿ ಕುಂದುತ್ತಿದೆಯಾ? ಒಂದು ವರ್ಷ ಸುಮ್ನೆ ಹಾಳಾಯಿತಾ? ಈ ವರ್ಷ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ. ನೆನಪಿಲ್ಲ, ಸೀರೀಸ್ ಅರ್ಧಕ್ಕೆ ನಿಂತಿದೆ, ಬೇರೆ ಓದು ರುಚಿಸುತ್ತಿಲ್ಲ, ಅಕ್ಕ ಇದನ್ನು ಓದೇ ಅಲ್ಲ ಎನ್ನುತ್ತಾರೆ. ನಾಲ್ಕೂ ಒಟ್ಟಿಗೆ ಮೇಲೆ ಬಿದ್ದಾಗ ‘ನನ್ನಲ್ಲೇ ಏನೋ ಕೆಟ್ಟಿದೆ’ ಅನಿಸುವುದು ಸಹಜ. ಗ್ರಂಥಾಲಯದಲ್ಲಿ ಓದುಗರ ರುಚಿ ನೋಡಿ ಪುಸ್ತಕ ಸೂಚಿಸುವುದು ನನ್ನ ಕೆಲಸ. ವರ್ಷ ಮುಗಿಯುವ ಹೊತ್ತಿಗೆ ಇಂಥ ದೂರು ಹೊತ್ತು ಬರುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ಒಂದೇ ಬಗೆಯ ದಪ್ಪ ಪುಸ್ತಕಗಳನ್ನು ಬಿಡುವೇ ಇಲ್ಲದೆ ಓದಿದವರು. ನಿಮ್ಮ ನಾಲ್ಕು ದೂರುಗಳಲ್ಲಿ ಮೂರಕ್ಕೆ ಬೇರು ಅಲ್ಲೇ ಇದೆ ಎಂದು ನನ್ನ ಅಂದಾಜು.

ಮೊದಲು ನೆನಪಿನ ಮಾತು. ಮರೆವಿನ ಬಗ್ಗೆ ಮೊದಲ ಗಟ್ಟಿ ಪ್ರಯೋಗ ಮಾಡಿದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. 1885ರಲ್ಲಿ ಪ್ರಕಟಿಸಿದರು. ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದರು. ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಜಾರಿಹೋಗುತ್ತಿತ್ತು. ಆಮೇಲೆ ಜಾರುವ ವೇಗ ಕಡಿಮೆಯಾಗುತ್ತಿತ್ತು. ಅರ್ಥವಿರುವ ಕಥೆ ಅಷ್ಟು ಬೇಗ ಮರೆಯುವುದಿಲ್ಲ. ಆದರೆ ಫ್ಯಾಂಟಸಿ ಕಾದಂಬರಿಯ ಹೆಸರುಗಳನ್ನು ಒಮ್ಮೆ ನೋಡಿ. ಊರು, ನದಿ, ರಾಜವಂಶ, ಕತ್ತಿ, ಕುದುರೆ, ಎಲ್ಲಕ್ಕೂ ಲೇಖಕರು ಹೊಸದಾಗಿ ಹುಟ್ಟಿಸಿದ ಹೆಸರು. ಓದುವವರ ತಲೆಗೆ ಅವು ಹೆಚ್ಚುಕಡಿಮೆ ಎಬಿಂಗ್‌ಹೌಸ್‌ನ ಅಕ್ಷರಗುಂಪುಗಳೇ. ಪಕ್ಕದ ಮನೆಯವರ ಹೆಸರಿನಂತೆ ಅವಕ್ಕೆ ಹಿಂದುಮುಂದು ಇಲ್ಲ. ಪುಸ್ತಕ ಕೈಯಲ್ಲಿರುವಷ್ಟು ದಿನ ನಿಲ್ಲುತ್ತವೆ, ಮುಗಿದ ಮೇಲೆ ಹೋಗುತ್ತವೆ. ಆ ಹೆಸರು ಮರೆತದ್ದಕ್ಕೆ ವಯಸ್ಸನ್ನೋ ಮೆದುಳನ್ನೋ ದೂರಬೇಡಿ.

ಎರಡನೆಯ ಕಾರಣ ಇನ್ನೂ ಮುಖ್ಯ. ಒಂದನ್ನೊಂದು ಹೋಲುವ ಸಂಗತಿಗಳು ನೆನಪಿನಲ್ಲಿ ಒಂದರ ಮೇಲೊಂದು ಬಿದ್ದು ಎರಡನ್ನೂ ಮಸುಕು ಮಾಡುತ್ತವೆ. ಇದು ಮನೋವಿಜ್ಞಾನದಲ್ಲಿ ಬಹಳ ಹಳೆಯ, ಮತ್ತೆ ಮತ್ತೆ ದೃಢಪಟ್ಟ ಸಂಗತಿ. ಅನಾಥ ಹುಡುಗ, ಮಂತ್ರವಿದ್ಯೆಯ ಶಾಲೆ, ಗುಟ್ಟು ಬಚ್ಚಿಟ್ಟ ಗುರು. ಇಂಥ ಮೂರು ಕಥೆಗಳನ್ನು ಎರಡು ತಿಂಗಳಲ್ಲಿ ಓದಿದರೆ, ಯಾವ ಗುರು ಯಾವ ಪುಸ್ತಕದಲ್ಲಿ ಸತ್ತ ಎಂದು ಯಾರೂ ಥಟ್ಟನೆ ಹೇಳಲಾರರು. ಅದೇ ಮೂರು ಪುಸ್ತಕಗಳ ನಡುವೆ ಒಂದು ಪ್ರವಾಸಕಥನ, ಒಂದು ಜೀವನಚರಿತ್ರೆ ಬಂದಿದ್ದರೆ ಚಿತ್ರ ಬೇರೆಯೇ ಆಗಿರುತ್ತಿತ್ತು.

ಇನ್ನೂ ಒಂದು ಪ್ರಯೋಗ ಹೇಳಬೇಕು, ಏಕೆಂದರೆ ಅದು ನಿಮ್ಮ ಓದಿಗೆ ನೇರವಾಗಿ ಸಂಬಂಧಿಸಿದ್ದು. ಕೇಂಬ್ರಿಜ್‌ನ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಪ್ರೇತಗಳ ಕಥೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ದಿನಗಳು, ತಿಂಗಳುಗಳು ಕಳೆದ ಮೇಲೆ ಮತ್ತೆ ಹೇಳಿಸಿದ್ದರು. ಹೇಳುವಾಗ ಕಥೆ ಚಿಕ್ಕದಾಗುತ್ತಿತ್ತು. ಅದರಲ್ಲಿದ್ದ ವಿಚಿತ್ರಗಳು ಉದುರುತ್ತಿದ್ದವು. ಉಳಿದದ್ದು ಹೇಳುವವರಿಗೆ ಪರಿಚಯವಿದ್ದ ರೂಪಕ್ಕೆ ತಿರುಗುತ್ತಿತ್ತು. ಮರದ ದಿಮ್ಮಿ ಕೊರೆದು ಮಾಡುವ ಅಲ್ಲಿನ ‘ಕನೂ’ ಸುಮ್ನೆ ‘ದೋಣಿ’ಯಾಯಿತು, ಕಡಲಪ್ರಾಣಿಯ ಬೇಟೆ ‘ಮೀನು ಹಿಡಿಯುವುದು’ ಆಯಿತು. ನಮ್ಮ ನೆನಪು ಗೊತ್ತಿರುವ ಅಚ್ಚಿಗೆ ಕಥೆಯನ್ನು ಒತ್ತಿ ಇಡುತ್ತದೆ. ಫ್ಯಾಂಟಸಿ, ಸೈನ್ಸ್ ಫಿಕ್ಷನ್‌ನ ಹೂರಣವೇ ಗೊತ್ತಿಲ್ಲದ್ದು. ಅಂದರೆ ಇಂಥ ಪುಸ್ತಕಗಳಲ್ಲಿ ಮೊದಲು ಅಳಿಸಿಹೋಗುವುದು ಅವುಗಳಲ್ಲಿದ್ದ ಅತಿ ಹೊಸ ಸಂಗತಿ. ಉಳಿಯುವುದು ‘ಒಬ್ಬ ಹೋದ, ಯುದ್ಧ ಮಾಡಿದ, ಗೆದ್ದ’ ಎಂಬ ಎಲುಬುಗೂಡು. ಆಗ 46 ಪುಸ್ತಕವೂ ಒಂದೇ ಥರ ಕಾಣದೆ ಇನ್ನೇನು?

ಇದಕ್ಕೆ ಮದ್ದಿದೆ, ಅದು ಬರೀ ಓದುವುದಕ್ಕಿಂತ ಸ್ವಲ್ಪ ತ್ರಾಸದ್ದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಸಣ್ಣ ಪಾಠಗಳನ್ನು ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಪುಟ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು, ಮುಚ್ಚಿ ಬರೆದವರಿಗೇ ಜಾಸ್ತಿ ನೆನಪಿತ್ತು. ನಾನು ಓದುಗರಿಗೆ ಹೇಳುವುದು ಇದರಿಂದಲೇ ಬಂದದ್ದು. ಪುಸ್ತಕ ಮುಗಿಸಿದ ದಿನವೇ ಬರೆಯಬೇಡಿ. ಮೂರು ನಾಲ್ಕು ದಿನ ಬಿಡಿ. ಪುಸ್ತಕ ತೆರೆಯದೆ, ಬೇರೆಯವರ ವಿಮರ್ಶೆ ನೋಡದೆ ಅರ್ಧ ಪುಟ ಬರೆಯಿರಿ. ಹೆಸರು ಸಿಗದಿದ್ದರೆ ‘ಆ ಒಂಟಿಕಣ್ಣಿನವಳು’ ಎಂದು ಬರೆಯಿರಿ, ತೊಂದರೆಯಿಲ್ಲ. ಆ ಜಗತ್ತಿನಲ್ಲಿ ನಮ್ಮದಕ್ಕಿಂತ ಬೇರೆಯಾಗಿದ್ದ ಒಂದು ನಿಯಮ ಮಾತ್ರ ಬರೆಯಲೇಬೇಕು. ಬಾರ್ಟ್ಲೆಟ್ ಕಂಡ ಸವಕಳಿಯಲ್ಲಿ ಮೊದಲು ಹೋಗುವುದು ಅದೇ ಅಲ್ವಾ?

ಇದರಲ್ಲೂ ಅಪಾಯವಿದೆ. ಬರೆಯಲೇಬೇಕು ಎಂದಾದರೆ ಓದು ಹೋಂವರ್ಕ್ ಆಗುತ್ತದೆ. ಬಣ್ಣಬಣ್ಣದ ಪೆನ್ನು, ಚಂದದ ನೋಟ್‌ಬುಕ್ ಕೊಂಡು ಉತ್ಸಾಹದಿಂದ ಶುರು ಮಾಡಿ, ಕೊನೆಗೆ ಬರೆಯುವ ಬೇಸರಕ್ಕೆ ಓದುವುದನ್ನೇ ಮುಂದೂಡಿದವರನ್ನು ನಾನು ಬಲ್ಲೆ. ಇಷ್ಟವಾದ ಪುಸ್ತಕಕ್ಕೆ ಮಾತ್ರ ಬರೆದರೆ ಸಾಕು. ಸಾಧಾರಣ ಪುಸ್ತಕವನ್ನು ಮರೆಯುವುದೂ ಒಂದು ತೀರ್ಪೇ.

ಈಗ ಅಕ್ಕನ ಮಾತಿಗೆ ಬರೋಣ. ತಪ್ಪಿಸಿಕೊಳ್ಳುವ ದಾರಿ ಎಂಬ ಆಪಾದನೆ ಹಳೆಯದು. ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದರು. ಜೈಲಿನಲ್ಲಿರುವವನು ಮನೆಗೆ ಹೋಗಲು ಹವಣಿಸುವುದು ಬೇರೆ, ಸೈನಿಕ ರಣರಂಗ ಬಿಟ್ಟು ಓಡುವುದು ಬೇರೆ. ಟೀಕಿಸುವವರು ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ ಎಂಬುದು ಅವರ ವಾದ. ಮಾತು ಚೆನ್ನಾಗಿದೆ. ಆದರೆ ಅದು ನಿಮ್ಮ ವಿಷಯದಲ್ಲಿ ಯಾವುದು ನಿಜ ಎಂದು ಹೇಳುವುದಿಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು. ನಾನು ಕೇಳುವ ಪ್ರಶ್ನೆ ಸರಳ. ಪುಸ್ತಕ ಮುಚ್ಚಿದ ಮೇಲೆ ಏನಾಗುತ್ತದೆ? ಮನಸ್ಸು ಹಗುರಾಗಿ ಬಾಕಿ ಕೆಲಸಕ್ಕೆ ಕೈ ಹಾಕುತ್ತೀರಾದರೆ ಅದು ವಿಶ್ರಾಂತಿ. ಕಟ್ಟಬೇಕಾದ ಬಿಲ್ಲು, ಮಾಡಬೇಕಾದ ಫೋನು, ಆಡಬೇಕಾದ ಕಷ್ಟದ ಮಾತು ಇವೆಲ್ಲ ಪ್ರತಿ ಸಲವೂ ಇನ್ನೊಂದು ಅಧ್ಯಾಯದ ಹಿಂದೆ ಸರಿಯುತ್ತಿವೆ ಎಂದರೆ, ನಿದ್ದೆಗೆಟ್ಟು ಓದುವುದು ರೂಢಿಯಾಗಿದೆ ಎಂದರೆ, ಅಕ್ಕ ಹೇಳಿದ್ದರಲ್ಲಿ ಹುರುಳಿದೆ. ಆಗಲೂ ದೋಷ ಡ್ರ್ಯಾಗನ್‌ಗಳದ್ದಲ್ಲ. ಕ್ರಿಕೆಟ್ಟೋ ಧಾರಾವಾಹಿಯೋ ಆ ಜಾಗದಲ್ಲಿ ಬಂದು ಕೂರುತ್ತಿತ್ತು.

ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಎರಡು ವಾರಕ್ಕಿಂತ ಜಾಸ್ತಿ ಕಾಲ ಯಾವುದರಲ್ಲೂ, ಓದಿನಲ್ಲೂ, ಖುಷಿ ಸಿಗದೆ ಮನಸ್ಸು ಕುಗ್ಗಿಯೇ ಇದ್ದರೆ, ಕೆಲಸದಲ್ಲೂ ಗಮನ ನಿಲ್ಲದಿದ್ದರೆ, ಅದು ಪುಸ್ತಕದ ಪ್ರಶ್ನೆಯಲ್ಲ. ವೈದ್ಯರನ್ನು ಕಾಣಬೇಕು. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ನನಗೆ ಕಾಣಲಿಲ್ಲ.

‘ಇದು ಓದೇ ಅಲ್ಲ’ ಎಂಬುದಕ್ಕೆ ವಿಜ್ಞಾನದ ಬೆಂಬಲವಿದೆ ಎಂದು ಕೆಲವರು ವಾದಿಸುತ್ತಾರೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಗಂಭೀರ ಸಾಹಿತ್ಯದ ತುಣುಕು ಓದಿದವರು ಬೇರೆಯವರ ಮನಸ್ಸನ್ನು ಚೆನ್ನಾಗಿ ಗುರುತಿಸಿದರು, ಜನಪ್ರಿಯ ಕಥೆ ಓದಿದವರು ಅಷ್ಟು ಗುರುತಿಸಲಿಲ್ಲ ಎಂದು ಅದು ಹೇಳಿತು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ತಂಡಗಳು ಇನ್ನೂ ಹೆಚ್ಚು ಜನರನ್ನು ಸೇರಿಸಿ ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಅದು ಮಾತ್ರ ಅಷ್ಟು ಸುದ್ದಿಯಾಗಲಿಲ್ಲ! ಆದ್ದರಿಂದ ಈ ವಾದವನ್ನು ನೀವು ಬದಿಗಿಡಬಹುದು.

ಆದರೆ 2017ರ ಇನ್ನೊಂದು ಅಧ್ಯಯನವನ್ನು ನಾನು ಬದಿಗಿಡಲಾರೆ. ಗ್ಯಾವಲರ್ ಮತ್ತು ಜಾನ್ಸನ್ ಎಂಬ ಇಬ್ಬರು ಅಮೆರಿಕದ ಅಧ್ಯಾಪಕರು ಒಂದೇ ಪ್ರಸಂಗವನ್ನು ಎರಡು ರೀತಿ ಬರೆದರು. ಒಂದರಲ್ಲಿ ಪಾತ್ರ ಹೋಟೆಲಿನೊಳಗೆ ಕಾಲಿಡುತ್ತದೆ. ಇನ್ನೊಂದರಲ್ಲಿ ಅದೇ ಪಾತ್ರ ಬಾಹ್ಯಾಕಾಶ ನಿಲ್ದಾಣದ ಊಟದ ಕೋಣೆಗೆ ಬರುತ್ತದೆ, ಸುತ್ತ ಅನ್ಯಗ್ರಹದವರು, ರೋಬೋಗಳು. ಬಾಹ್ಯಾಕಾಶದ ಕಥೆ ಓದಿದವರು ಪಾತ್ರಗಳ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಗೋಜಿಗೆ ಕಡಿಮೆ ಹೋದರು, ಅರ್ಥ ಮಾಡಿಕೊಂಡದ್ದೂ ಕಡಿಮೆ. ಇದು ಒಂದೇ ಅಧ್ಯಯನ, ಒಂದು ಸಣ್ಣ ತುಣುಕಿನ ಮೇಲೆ ನಡೆದದ್ದು. ಹೆಚ್ಚು ಎಳೆಯಬಾರದು. ಆದರೂ ಇದು ನಾನು ಓದುಗರಲ್ಲಿ ಕಾಣುವುದಕ್ಕೆ ಹೊಂದುತ್ತದೆ. ‘ಇದು ರಂಜನೆಯ ಪುಸ್ತಕ’ ಎಂಬ ಹಣೆಪಟ್ಟಿ ನೋಡಿದ ಕೂಡಲೇ ನಮ್ಮ ಕಣ್ಣು ಓಡತೊಡಗುತ್ತದೆ. ಪುಸ್ತಕದಲ್ಲಿ ಆಳವಿದ್ದರೂ ನಾವು ಮೇಲುಮೇಲಿಂದಲೇ ದಾಟುತ್ತೇವೆ. ನೀವು ವರ್ಷದಲ್ಲಿ 46 ಮುಗಿಸಿದ್ದೀರಿ. ಅರ್ಧಕ್ಕಿಂತ ಜಾಸ್ತಿ ದಪ್ಪ ಸಂಪುಟಗಳು. ಅಂದರೆ ಸರಾಸರಿ ಎಂಟು ದಿನಕ್ಕೊಂದು. ಯಾವುದರ ಬಳಿಯೂ ನಿಂತು ಮಾತಾಡಿಸಲು ನಿಮಗೆ ಹೊತ್ತೆಲ್ಲಿತ್ತು?

ನಿಂತು ನೋಡಿದರೆ ಏನು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಎಚ್. ಜಿ. ವೆಲ್ಸ್‌ನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1898ರಲ್ಲಿ ಪುಸ್ತಕವಾಗಿ ಬಂತು. ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಾಳಿ ಮಾಡುವ ಕಥೆ. ವೇಗವಾಗಿ ಓದಿದರೆ ನೆನಪಿರುವುದು ಮೂರು ಕಾಲಿನ ಯಂತ್ರಗಳು, ಸುಡುವ ಕಿರಣ. ಆದರೆ ಮೊದಲ ಅಧ್ಯಾಯದಲ್ಲೇ ವೆಲ್ಸ್ ಒಂದು ಮಾತು ಹೇಳುತ್ತಾರೆ. ಮಂಗಳದವರನ್ನು ಕ್ರೂರಿಗಳು ಎನ್ನುವ ಮುಂಚೆ, ಯುರೋಪಿನಿಂದ ಹೋದವರು ಆಸ್ಟ್ರೇಲಿಯಾ ಬಳಿಯ ಟ್ಯಾಸ್ಮೇನಿಯಾ ದ್ವೀಪದ ಜನರನ್ನು ಹೇಗೆ ಅಳಿಸಿಹಾಕಿದರು ಎಂದು ನೆನೆಯಿರಿ ಎನ್ನುತ್ತಾರೆ. ಬ್ರಿಟಿಷ್ ಸಾಮ್ರಾಜ್ಯ ಉಬ್ಬಿ ನಿಂತಿದ್ದ ಕಾಲದಲ್ಲಿ, ಲಂಡನ್ನಿನ ಓದುಗರಿಗೆ ‘ನಿಮ್ಮ ಮೇಲೇ ಹೀಗಾದರೆ?’ ಎಂದು ಕೇಳಿದ ಪುಸ್ತಕ ಅದು. ಆ ಒಂದು ಪ್ಯಾರಾ ಹಾರಿಸಿಬಿಟ್ಟರೆ ಇಡೀ ಕಾದಂಬರಿ ಬರೀ ಪಟಾಕಿ.

ಸೈನ್ಸ್ ಫಿಕ್ಷನ್ ಮುಂದಾಗುವುದನ್ನು ಹೇಳುತ್ತದೆ ಎಂಬ ನಂಬಿಕೆಯೂ ಹೀಗೆ ಹಾರಿಸಿ ಓದಿದ್ದರ ಫಲ ಎನ್ನಬಹುದು. ಉರ್ಸುಲಾ ಲೆ ಗ್ವಿನ್ ತಮ್ಮ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಗೆ ಆಮೇಲೆ ಬರೆದ ಮುನ್ನುಡಿಯಲ್ಲಿ ಇದನ್ನು ಖಂಡತುಂಡವಾಗಿ ತಳ್ಳಿಹಾಕಿದ್ದಾರೆ. ಭವಿಷ್ಯ ಹೇಳುವುದು ತಮ್ಮ ಕೆಲಸವಲ್ಲ, ಇರುವುದನ್ನು ಚಿತ್ರಿಸುವುದೇ ತಮ್ಮ ಕೆಲಸ ಎಂಬುದು ಅವರ ನಿಲುವು. ವರ್ಷದ ಓದನ್ನು ಹಿಂದಿರುಗಿ ನೋಡುವವರಿಗೆ ಇದು ಒಳ್ಳೆಯ ಕೊಕ್ಕೆ. ‘ಇದು ಯಾವ ಕಾಲದಲ್ಲಿ ಬರೆದದ್ದು, ಆಗ ಜನ ಯಾವುದಕ್ಕೆ ಹೆದರಿದ್ದರು?’ ಎಂದು ಕೇಳಿಕೊಂಡರೆ ಸಾಕು, ಮರೆತ ಪುಸ್ತಕಗಳಲ್ಲಿ ಎಷ್ಟೋ ತಾವಾಗಿ ಮೇಲೆ ಬರುತ್ತವೆ.

ಸಾಮಾಜಿಕ ಕಾದಂಬರಿ ಏಕೆ ಸಪ್ಪೆ ಎನಿಸಿತು? ನಿಮ್ಮ ಗಮನಕ್ಕೆ ಒಂದು ವರ್ಷ ಬೇರೆ ಪಳಗಿಕೆ ಸಿಕ್ಕಿದೆ. ಕಾಲ್ಪನಿಕ ಜಗತ್ತಿನಲ್ಲಿ ಪ್ರತಿ ವಿವರವೂ ಸುಳಿವು. ಬಾಗಿಲ ಮೇಲೊಂದು ಗುರುತಿದ್ದರೆ ಅದಕ್ಕೆ ನೂರು ಪುಟದ ಮೇಲೆ ಬೆಲೆ ಬರುತ್ತದೆ ಎಂದು ಕಾಯುತ್ತೀರಿ. ಈ ಲೋಕ ಹೇಗೆ ನಡೆಯುತ್ತದೆ ಎಂದು ಬಿಡಿಸುವುದೇ ಅರ್ಧ ಸುಖ. ಸಾಮಾಜಿಕ ಕಾದಂಬರಿಯಲ್ಲಿ ಲೋಕ ಮೊದಲೇ ಗೊತ್ತು. ಅಲ್ಲಿ ಬಿಡಿಸಬೇಕಾದದ್ದು ಮನುಷ್ಯರನ್ನು, ಆ ಸುಳಿವುಗಳು ಮೆಲ್ಲಗಿರುತ್ತವೆ. ಇಪ್ಪತ್ತು ಪುಟದಲ್ಲಿ ಸಿಗುವುದಿಲ್ಲ. ಇದು ರುಚಿ ಕೆಟ್ಟದ್ದಲ್ಲ, ಬದಲಾಯಿಸಿಕೊಳ್ಳಬಹುದಾದ ಅಭ್ಯಾಸ. ಹಠಕ್ಕೆ ಬಿದ್ದು ದೊಡ್ಡ ಗಂಭೀರ ಕಾದಂಬರಿ ಹಿಡಿಯಬೇಡಿ, ಅದನ್ನು ಅರ್ಧಕ್ಕೆ ಬಿಟ್ಟು ಇನ್ನಷ್ಟು ಬೇಜಾರಾಗುತ್ತೀರಿ. ಎರಡರ ಗಡಿಯಲ್ಲಿರುವ ಪುಸ್ತಕ ಹಿಡಿಯಿರಿ. ಕಜುಓ ಇಶಿಗುರೊ ಅವರ ‘ನೆವರ್ ಲೆಟ್ ಮಿ ಗೋ’ (2005) ಒಂದು. ಅದರ ಬುಡದಲ್ಲಿರುವುದು ಸೈನ್ಸ್ ಫಿಕ್ಷನ್ ಕಲ್ಪನೆಯೇ. ಆದರೆ ಪುಟ ತುಂಬ ಇರುವುದು ಶಾಲೆ, ಸ್ನೇಹ, ಹೊಟ್ಟೆಕಿಚ್ಚು, ನೆನಪು. ಇನ್ನೊಂದು ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979). 1976ರ ಕ್ಯಾಲಿಫೋರ್ನಿಯಾದ ಕಪ್ಪು ಮಹಿಳೆಯೊಬ್ಬಳು ಇದ್ದಕ್ಕಿದ್ದಂತೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡ್‌ಗೆ ಎಳೆದುಕೊಂಡು ಹೋಗಲ್ಪಡುತ್ತಾಳೆ. ಕಾಲಪ್ರಯಾಣ ಹೇಗಾಗುತ್ತದೆ ಎಂದು ಬಟ್ಲರ್ ವಿವರಿಸುವುದೇ ಇಲ್ಲ. ಅದರಲ್ಲಿ ವಿಜ್ಞಾನವೇ ಇಲ್ಲ ಎಂದು ಅದನ್ನು ಸೈನ್ಸ್ ಫಿಕ್ಷನ್ ಎನ್ನಲು ಅವರೇ ಒಪ್ಪಲಿಲ್ಲ. ಇದನ್ನು ಅಕ್ಕನಿಗೂ ಕೊಡಿ. ತಪ್ಪಿಸಿಕೊಳ್ಳುವ ದಾರಿ ಎಂದು ಹೇಳಲು ಅವರಿಗೆ ಕಷ್ಟವಾದೀತು.

ಇನ್ನು ಆ ನಾಲ್ಕನೇ ಸಂಪುಟ. ಇದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಶುರು ಮಾಡಿದ ಸೀರೀಸ್ ಮುಗಿಸಲೇಬೇಕು ಎಂಬ ನಿಯಮ ಯಾರೂ ಮಾಡಿಲ್ಲ. ಎಲ್ಲ ಸೀರೀಸ್ ಒಂದೇ ಥರ ಹುಟ್ಟುವುದೂ ಇಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಲೇಖಕರ ಲೆಕ್ಕದಲ್ಲಿ ಒಂದೇ ಕಾದಂಬರಿ. ಯುದ್ಧಾನಂತರದ ಕಾಗದದ ಖರ್ಚಿನಿಂದಾಗಿ 1954-55ರಲ್ಲಿ ಮೂರು ಸಂಪುಟವಾಗಿ ಬಂತು. ಅಂಥದ್ದನ್ನು ನಡುವೆ ಬಿಟ್ಟರೆ ಕಥೆಯನ್ನೇ ಬಿಟ್ಟ ಹಾಗೆ. ಅಸಿಮೋವ್ ಅವರ ‘ಫೌಂಡೇಷನ್’ನ ಮೊದಲ ಮೂರು ಪುಸ್ತಕಗಳು ಬಹುಮಟ್ಟಿಗೆ 1942ರಿಂದ 1950ರವರೆಗೆ ಪತ್ರಿಕೆಯಲ್ಲಿ ಬಂದ ಕಥೆಗಳನ್ನು ಜೋಡಿಸಿದ್ದು. ಅದನ್ನು ತಿಂಗಳುಗಟ್ಟಲೆ ಬಿಡುವು ಕೊಟ್ಟು ಓದಿದರೂ ನಷ್ಟವಿಲ್ಲ. ಬೆಳೆಯುತ್ತಲೇ ಹೋಗುವ ಸೀರೀಸ್‌ಗಳ ಕಥೆ ಬೇರೆ. ‘ದಿ ವೀಲ್ ಆಫ್ ಟೈಮ್’ 1990ರಲ್ಲಿ ಶುರುವಾಯಿತು. ಲೇಖಕ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡರು. ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದು ಮುಗಿಸಿದರು. 14ನೆಯದು ಬಂದಾಗ 2013. ಇಂಥ ಉದ್ದದ ಕಥೆಯಲ್ಲಿ ನಡುವಿನ ಸಂಪುಟಗಳು ಜಗ್ಗುವುದು ಸಾಮಾನ್ಯ. ಪಾತ್ರಗಳು ಹತ್ತು ದಿಕ್ಕಿಗೆ ಹೋಗಿರುತ್ತವೆ, ಲೇಖಕರು ಎಲ್ಲರನ್ನೂ ಸ್ವಲ್ಪ ಸ್ವಲ್ಪ ಮುಂದೆ ತಳ್ಳಬೇಕು.

ನಿಮಗಿರುವ ದಾರಿಗಳು ಮೂರು. ಬಿಟ್ಟುಬಿಡಿ, ಆಗ ಕೊನೆ ಏನಾಯಿತು ಎಂಬ ತುರಿಕೆ ಕೆಲ ದಿನ ಇರುತ್ತದೆ. ಉಳಿದ ಕಥೆಯ ಸಾರಾಂಶ ಓದಿ ಮುಗಿಸಿ, ತುರಿಕೆ ಹೋಗುತ್ತದೆ. ಆದರೆ ಮುಂದೆ ಎಂದಾದರೂ ಓದುವ ಮನಸ್ಸಾದರೆ ಅಚ್ಚರಿಗಳು ಉಳಿದಿರುವುದಿಲ್ಲ. ಅಥವಾ ನಿಲ್ಲಿಸಿದ ಪುಟದಲ್ಲಿ ‘ಯಾರು ಎಲ್ಲಿದ್ದಾರೆ, ಯಾರಿಗೆ ಏನು ಬೇಕು’ ಎಂದು ಹತ್ತು ಸಾಲು ಬರೆದು ಚೀಟಿ ಇಟ್ಟು, ಆರು ತಿಂಗಳು ಪಕ್ಕಕ್ಕಿಡಿ. ನಾನು ಮೂರನೆಯದಕ್ಕೆ ಓಟು ಹಾಕುತ್ತೇನೆ. ಆರು ತಿಂಗಳಲ್ಲಿ ಒಮ್ಮೆಯೂ ಅದರ ನೆನಪಾಗದಿದ್ದರೆ ಉತ್ತರ ಸಿಕ್ಕಿತು. ‘ಇಷ್ಟು ಪುಟ ಓದಿದ್ದೇನೆ, ಬಿಟ್ಟರೆ ಅದೆಲ್ಲ ದಂಡ’ ಎಂಬ ಲೆಕ್ಕ ಮಾತ್ರ ಹಾಕಬೇಡಿ. ಆ ಹೊತ್ತು ಮುಂದುವರಿಸಿದರೂ ವಾಪಸ್ ಬರುವುದಿಲ್ಲ.

ವರ್ಷದ ಬರಹಕ್ಕೆ ಮತ್ತೆ ಕೂರುವಾಗ ಪಟ್ಟಿ ತೆಗೆಯಬೇಡಿ. ಖಾಲಿ ಹಾಳೆಯಲ್ಲಿ ತಾನಾಗಿ ಬಂದದ್ದನ್ನು ಬರೆಯಿರಿ. ಒಂದು ದೃಶ್ಯ, ಒಂದು ಮಾತು, ಸಿಟ್ಟು ಬರಿಸಿದ ಮುಕ್ತಾಯ, ಏನೇ ಇರಲಿ. ಅದಾದ ಮೇಲೆ ಪಟ್ಟಿ ನೋಡಿ. ತಾನಾಗಿ ಬಂದ ಪುಸ್ತಕಗಳೇ ನಿಮ್ಮ ವರ್ಷದ ನಿಜವಾದ ಓದು, ಅವು ಎಂಟೇ ಇರಲಿ, ಹತ್ತೇ ಇರಲಿ. ಮುಗಿಸಿದಾಗ ಐದು ನಕ್ಷತ್ರ ಕೊಟ್ಟ ಪುಸ್ತಕ ಅಲ್ಲಿಲ್ಲ, ಬೈದುಕೊಂಡು ಓದಿದ್ದು ಮಾತ್ರ ಇದೆ ಎಂದಾದರೆ ಆಶ್ಚರ್ಯಪಡಬೇಡಿ. ಅಲ್ಲಿಂದ ಒಂದನ್ನು ಈ ವರ್ಷ ಮತ್ತೆ ಓದಿ. ಮರುಓದಿನಲ್ಲಿ ಕಥೆಯ ಓಟ ಗೊತ್ತಿರುವುದರಿಂದ ಕಣ್ಣು ನಿಧಾನವಾಗುತ್ತದೆ. ಕೆಲವೊಮ್ಮೆ ನಿರಾಸೆಯೂ ಆಗುತ್ತದೆ, ಅದಕ್ಕೆ ಸಿದ್ಧರಿರಿ.

ಪುಸ್ತಕಗಳ ಸಂಖ್ಯೆಯ ಗುರಿ ಈ ವರ್ಷ ಬೇಡ. ಗುರಿ ಇದ್ದರೆ ನಾವು ಗೊತ್ತಿಲ್ಲದೆಯೇ ಬೇಗ ಮುಗಿಯುವುದನ್ನು ಆರಿಸುತ್ತೇವೆ. ಎರಡು ಫ್ಯಾಂಟಸಿ ನಡುವೆ ಬೇರೇನಾದರೂ ಒಂದು, ಇಷ್ಟು ನಿಯಮ ಸಾಕು. ಸಣ್ಣಕಥೆಯ ಸಂಕಲನವಾದರೆ ಇನ್ನೂ ಸುಲಭ.

ಆಡಿಯೋಬುಕ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು. ಕೇಳಿದ್ದೂ ಓದೇ. ಆದರೆ ಫ್ಯಾಂಟಸಿಯಲ್ಲಿ ಕೇಳುವವರಿಗೆ ಎರಡು ಕೊರತೆಗಳಿವೆ. ನಕ್ಷೆ ಕಾಣುವುದಿಲ್ಲ, ಹೆಸರಿನ ಅಕ್ಷರ ಕಾಣುವುದಿಲ್ಲ. ಬೇರೆ ಕೆಲಸ ಮಾಡುತ್ತಾ ಕೇಳಿದರೆ ಮೂರನೆಯದೂ ಸೇರುತ್ತದೆ, ಹಿಂದಿನ ಪುಟಕ್ಕೆ ಹೋಗಿ ‘ಇವನ್ಯಾರು?’ ಎಂದು ನೋಡುವ ಸೌಕರ್ಯ ಇಲ್ಲ. ನೀವು ಕಲಸಿಕೊಂಡ ರಾಣಿಯರಲ್ಲಿ ಎಷ್ಟು ಜನ ಕೇಳಿದ ಪುಸ್ತಕದವರು ಎಂದು ಒಮ್ಮೆ ನೋಡಿ. ಬಹುಪಾಲು ಅವರೇ ಆಗಿದ್ದರೆ ಹತ್ತು ದೇಶ, ಐವತ್ತು ಪಾತ್ರದ ಮಹಾಕಥೆಯನ್ನು ಕಣ್ಣಿನಲ್ಲಿ ಓದಿ. ಒಬ್ಬರೇ ನಿರೂಪಿಸುವ, ಪಾತ್ರ ಕಡಿಮೆ ಇರುವ ಕಾದಂಬರಿಗಳನ್ನು ಕಿವಿಗೆ ಬಿಡಿ.